ಸರದಿಯ ನ್ಯಾಯ

‘ಊರಿಗೆ ಬಂದವಳು ನೀರಿಗೆ ಬಾರದಿರುವಳೆ?’ ಎಂಬ ಗಾದೆ ಊರಿಗೆಲ್ಲ ಒಂದೇ ಬಾವಿಯಿದ್ದ ಕಾಲದ್ದು. ಎಲ್ಲರ ಕೊಡಗಳೂ ಅಲ್ಲಿಗೇ ಬರಬೇಕು. ಬಂದ ಮೇಲೆ ಯಾರ ಕೊಡ ಮೊದಲು, ಯಾರದು ಅನಂತರ ಎಂಬ ಪ್ರಶ್ನೆಯೂ ಏಳಲೇಬೇಕು. ಈಗ ನಗರದ ಮನೆಗಳಿಗೆ ನಲ್ಲಿ ಬಂದಿದೆ; ಬಾವಿಕಟ್ಟೆಯ ವಾಗ್ವಾದ ಅಡಗಿದೆ. ಆದರೆ ಅವೇ ಮನೆಗಳಲ್ಲಿ ಸಂಜೆಯಾಗುತ್ತಲೇ ಬೇರೊಂದು ಬಾವಿಯ ಸುತ್ತ ಕೊಡಗಳು ನೆರೆಯುತ್ತವೆ. ಮಗಳು ಪರೀಕ್ಷೆಯ ಪಾಠವನ್ನು ಮೊಬೈಲಿನ ಪರದೆಯ ಮೇಲೆ ಕೇಳುತ್ತಿದ್ದಾಳೆ. ಮಗ ಚಲನಚಿತ್ರವೊಂದನ್ನು ಇಳಿಸಿಕೊಳ್ಳುತ್ತಿದ್ದಾನೆ. ಅಜ್ಜಿ ಪುಣೆಯಲ್ಲಿರುವ ಮೊಮ್ಮಗನ ಮುಖ ನೋಡಿ ಮಾತನಾಡಬೇಕೆಂದು ಕುಳಿತಿದ್ದಾಳೆ. ಅಷ್ಟರಲ್ಲಿ ಮೊಮ್ಮಗನ ಮುಖ ಬೊಂಬೆಯಂತೆ ನಿಂತುಬಿಡುತ್ತದೆ. ಪಾಠದ ಮಾತು ತುಂಡುತುಂಡಾಗುತ್ತದೆ. ಚಲನಚಿತ್ರ ಮಾತ್ರ ಸರಾಗವಾಗಿ ಇಳಿಯುತ್ತಿರುತ್ತದೆ. “ನೆಟ್‌ವರ್ಕ್ ಸರಿಯಿಲ್ಲ” ಎಂದು ಮನೆಯವರೆಲ್ಲರೂ ತೀರ್ಮಾನಿಸುತ್ತಾರೆ.

ಈ ತೀರ್ಮಾನ ಅರ್ಧ ಮಾತ್ರ ಸರಿ. ನೆಟ್‌ವರ್ಕ್ ಕೆಟ್ಟು ನಿಂತಿಲ್ಲ. ಅದು ಹಂಚುತ್ತಲೇ ಇದೆ. ಹಂಚುವ ರೀತಿಯಲ್ಲಿ ನ್ಯಾಯ ತಪ್ಪಿದೆ, ಅಷ್ಟೆ. ಯಾರು ಮೊದಲು, ಯಾರಿಗೆ ಎಷ್ಟು ಎಂಬುದನ್ನು ಕ್ಷಣಕ್ಷಣಕ್ಕೂ ನಿರ್ಣಯಿಸುವ ಯಂತ್ರಕ್ಕೆ ರೌಟರ್ ಎಂದು ಹೆಸರು. ಮನೆಯ ಗೋಡೆಯ ಮೇಲೆ ಹಸಿರು ದೀಪವನ್ನು ಮಿಟುಕಿಸುತ್ತಿರುವ ಚಿಕ್ಕ ಪೆಟ್ಟಿಗೆಯೂ ರೌಟರೇ. ಸಾವಿರಾರು ಮನೆಗಳ ಸಂಚಾರವನ್ನು ಒಂದೆಡೆ ಕೂಡಿಸಿ ಮುಂದಕ್ಕೆ ಕಳುಹಿಸುವ ದೊಡ್ಡ ಯಂತ್ರವೂ ರೌಟರೇ. ಮಾತಿಲ್ಲದ ಈ ಪಂಚನು ಯಾವ ಧರ್ಮಶಾಸ್ತ್ರವನ್ನು ಹಿಡಿದು ತೀರ್ಪು ಕೊಡುತ್ತಾನೆಂಬುದನ್ನು ಅರಿತರೆ, ಹಳೆಯ ಬಾವಿಕಟ್ಟೆಯ ಪ್ರಶ್ನೆಗಳೇ ಅಲ್ಲಿಯೂ ಇರುವುದು ಕಾಣುತ್ತದೆ.

ಲಚ್ಯಾಣದ ಹಳಿ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಲಚ್ಯಾಣವೆಂಬ ಊರಿದೆ. ಸಿದ್ಧಲಿಂಗ ಮಹಾರಾಜರ ಮಠದಿಂದ ಹೆಸರಾದ ಈ ಊರಿಗೆ ರೈಲು ನಿಲ್ದಾಣವೂ ಉಂಟು. ಹೋಟಗಿಯಿಂದ ಗದಗಿಗೆ ಹೋಗುವ ಆ ಮಾರ್ಗವನ್ನು ಹಾಕಲೆಂದೇ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿ ಹುಟ್ಟಿತು; 1884ರಲ್ಲಿ ಸಂಚಾರ ಆರಂಭವಾಯಿತು. ಬರಗಾಲದಲ್ಲಿ ಧಾನ್ಯವನ್ನು ಬೇಗನೆ ಸಾಗಿಸಲು ಅನುಕೂಲವಾಗಲೆಂದು ಹಾಕಿದ ಕ್ಷಾಮದ ರೈಲುಮಾರ್ಗಗಳಲ್ಲಿ ಇದೂ ಒಂದು. ನೂರು ವರ್ಷಗಳಿಗೂ ಮೀರಿದ ಕಾಲ ಇದು ಒಂಟಿ ಹಳಿಯ ಮಾರ್ಗವಾಗಿತ್ತು. ಒಂಟಿ ಹಳಿಯ ಮೇಲೆ ಎದುರುಬದುರಾಗಿ ಬರುವ ಎರಡು ಗಾಡಿಗಳು ಒಂದನ್ನೊಂದು ದಾಟಬೇಕಾದರೆ ನಿಲ್ದಾಣವೇ ಬೇಕು. ಒಂದು ಗಾಡಿ ಪಕ್ಕದ ಹಳಿಯಲ್ಲಿ ನಿಂತು ಇನ್ನೊಂದಕ್ಕೆ ದಾರಿ ಬಿಡುತ್ತದೆ. “ಕ್ರಾಸಿಂಗ್ ಇದೆ” ಎಂಬ ಮಾತನ್ನು ಕೇಳಿ, ಗಾಡಿಯಿಂದಿಳಿದು ಚಹಾ ಕುಡಿದು ಬಂದ ಪ್ರಯಾಣಿಕರು ಆ ಪ್ರಾಂತದಲ್ಲಿ ಲೆಕ್ಕವಿಲ್ಲದಷ್ಟು ಜನ.

ರೌಟರಿನ ಕೆಲಸವೂ ಈ ನಿಲ್ದಾಣದ ಮಾಸ್ತರರ ಕೆಲಸವನ್ನು ಹೋಲುತ್ತದೆ. ಮೊಬೈಲಿನಿಂದ ಹೊರಡುವ ಮಾತಾಗಲಿ ಚಿತ್ರವಾಗಲಿ ಅಖಂಡ ಧಾರೆಯಾಗಿ ಹರಿಯುವುದಿಲ್ಲ. ಅದನ್ನು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಕಟ್ಟಿ ಕಳುಹಿಸುತ್ತಾರೆ. ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ 1500 ಬೈಟುಗಳಿಗಿಂತ ಹೆಚ್ಚು ಇರುವುದಿಲ್ಲ. ಪ್ರತಿಯೊಂದರ ಮೇಲೂ ಹೊರಟ ವಿಳಾಸ, ಸೇರಬೇಕಾದ ವಿಳಾಸಗಳಿರುತ್ತವೆ. ಒಂದೇ ಕಾರ್ಯಕ್ಕಾಗಿ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವ ಪೊಟ್ಟಣಗಳ ಪರಂಪರೆಯನ್ನು ‘ಹರಿವು’ ಎನ್ನಬಹುದು. ಇಂತಹ ಹಲವು ಹರಿವುಗಳು ಒಂದೇ ತಂತಿಯನ್ನು ಹೊಕ್ಕು ಮುಂದೆ ಸಾಗಬೇಕು. ಆ ತಂತಿ ಒಂದು ಸೆಕೆಂಡಿನಲ್ಲಿ ಎಷ್ಟನ್ನು ಸಾಗಿಸಬಲ್ಲುದೋ ಅದೇ ಅದರ ಬ್ಯಾಂಡ್‌ವಿಡ್ತ್.

ಗ್ರಾಮ ಪಂಚಾಯಿತಿಗಳಿಗೆಲ್ಲ ಗಾಜಿನೆಳೆಯ ತಂತಿಯನ್ನು ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆಯನ್ನಿತ್ತಿತು. ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆದ ಆ ಯೋಜನೆಯ ಗುರಿ, ಪ್ರತಿ ಪಂಚಾಯಿತಿಗೂ ಸೆಕೆಂಡಿಗೆ ಕನಿಷ್ಠ 100 ಮೆಗಾಬಿಟ್. ಕೇಳುವುದಕ್ಕೆ ಇದು ದೊಡ್ಡ ಮೊತ್ತವೇ. ಆದರೆ ಸ್ಪಷ್ಟವಾದ ಚಲನಚಿತ್ರವೊಂದಕ್ಕೆ ಸೆಕೆಂಡಿಗೆ 5 ಮೆಗಾಬಿಟ್ ಬೇಕಾದರೆ, 20 ಮನೆಗಳಲ್ಲಿ 20 ಚಿತ್ರಗಳು ಓಡತೊಡಗಿದೊಡನೆ ನೂರೂ ಮುಗಿಯಿತು. ಇಪ್ಪತ್ತೊಂದನೆಯ ಮನೆಯವರು ಬಂದಾಗ ಹಂಚಿಕೆಯ ಪ್ರಶ್ನೆ ಏಳುತ್ತದೆ.

ರೈಲಿಗೂ ಪೊಟ್ಟಣಕ್ಕೂ ಒಂದು ಮುಖ್ಯ ಭೇದವುಂಟು. ರೈಲಿಗೆ ವೇಳಾಪಟ್ಟಿ ಇದೆ, ಪೊಟ್ಟಣಕ್ಕೆ ಇಲ್ಲ. ಒಂದು ಕ್ಷಣ ತಂತಿ ಖಾಲಿ. ಮರುಕ್ಷಣ ಸಾವಿರ ಪೊಟ್ಟಣಗಳು ಒಮ್ಮೆಗೇ ಬಾಗಿಲಿಗೆ ಬಂದು ನಿಲ್ಲುತ್ತವೆ. ಅವನ್ನು ಸ್ವಲ್ಪ ಹೊತ್ತು ನಿಲ್ಲಿಸಿಕೊಳ್ಳಲು ರೌಟರಿನಲ್ಲಿಯೂ ಪಕ್ಕದ ಹಳಿಯಂತಹ ತಂಗುದಾಣವಿದೆ. ಬಫರ್ ಎಂದು ಅದರ ಹೆಸರು. ಅದೂ ತುಂಬಿದ ಮೇಲೆ ಬಂದ ಪೊಟ್ಟಣವನ್ನು ರೌಟರ್ ನಿರ್ದಾಕ್ಷಿಣ್ಯವಾಗಿ ಬಿಸುಡುತ್ತದೆ. ಇದರಿಂದ ಗಾಬರಿಪಡಬೇಕಾಗಿಲ್ಲ. ಕಡತಗಳನ್ನೂ ಪುಟಗಳನ್ನೂ ಕಳುಹಿಸುವ ಯಂತ್ರವು ಪ್ರತಿಯೊಂದನ್ನು ತನ್ನಲ್ಲಿ ಇಟ್ಟುಕೊಂಡಿರುತ್ತದೆ. ತಲುಪಿಲ್ಲವೆಂದು ತಿಳಿದರೆ ಮತ್ತೆ ಕಳುಹಿಸುತ್ತದೆ.

ಹಾಗಾದರೆ ತಂಗುದಾಣವನ್ನೇ ಬಹು ದೊಡ್ಡದಾಗಿ ಕಟ್ಟಿ, ಯಾವುದನ್ನೂ ಬಿಸುಡದೆ ಇರಬಾರದೆ ಎಂದು ಯಾರಿಗಾದರೂ ತೋಚೀತು. ತಯಾರಕರು ಬಹುಕಾಲ ಹಾಗೆಯೇ ಮಾಡಿದರು. ಫಲವೇನಾಯಿತೆಂಬುದು ಸಾಧಾರಣ ಲೆಕ್ಕದಿಂದಲೇ ತಿಳಿಯುತ್ತದೆ. ಸೆಕೆಂಡಿಗೆ ಒಂದು ಮೆಗಾಬಿಟ್ ಸಾಗುವ ತಂತಿಯ ಮುಂದೆ 256 ಕಿಲೋಬೈಟುಗಳ ತಂಗುದಾಣ ತುಂಬಿತೆನ್ನಿ. ಅದು ಸುಮಾರು ಎರಡು ಮೆಗಾಬಿಟ್. ಎಂದರೆ ಸಾಲಿನ ತುದಿಯಲ್ಲಿ ನಿಂತ ಪೊಟ್ಟಣ ಹೊರಬೀಳಲು ಎರಡು ಸೆಕೆಂಡು ಬೇಕು. ಸುಗಮವಾದ ಸಂಭಾಷಣೆಗೆ, ಒಂದು ಕಡೆಯ ಮಾತು ಇನ್ನೊಂದು ಕಡೆಗೆ 150 ಮಿಲಿಸೆಕೆಂಡುಗಳೊಳಗಾಗಿ ತಲುಪಬೇಕೆಂದು ತಜ್ಞರ ಮತ. ಅಜ್ಜಿಯ “ಊಟ ಆಯಿತೇನಪ್ಪಾ?” ಎಂಬ ಪ್ರಶ್ನೆ ಎರಡು ಸೆಕೆಂಡು ತಡವಾಗಿ ತಲುಪಿದರೆ, ಅಷ್ಟರಲ್ಲಿ ಮೊಮ್ಮಗ ಬೇರೆ ಮಾತನ್ನು ತೆಗೆದಿರುತ್ತಾನೆ, ಇಬ್ಬರ ಮಾತೂ ಡಿಕ್ಕಿ ಹೊಡೆಯುತ್ತದೆ. ತಡೆದಿಟ್ಟುಕೊಳ್ಳುವುದು ಯಾವಾಗಲೂ ಉಪಕಾರವಲ್ಲ. ಅಮೆರಿಕದ ಜಿಮ್ ಗೆಟಿಸ್ 2010ರ ಸುಮಾರಿಗೆ ಈ ಬೇನೆಯನ್ನು ಲೋಕದ ಗಮನಕ್ಕೆ ತಂದರು. ಸಾಲಿನಲ್ಲಿ ಬಹಳ ಹೊತ್ತು ನಿಲ್ಲುವಂತಾದೊಡನೆ ಒಂದೊಂದಾಗಿ ಪೊಟ್ಟಣಗಳನ್ನು ಬಿಸುಟು, ಕಳುಹಿಸುವವರಿಗೆ ಮುಂಚಿತವಾಗಿಯೇ ಎಚ್ಚರಿಕೆ ನೀಡುವ ಉಪಾಯವನ್ನು ಕ್ಯಾಥಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಪ್ರಕಟಿಸಿದರು.

ಸಂಯಮಿಯ ಸೋಲು

ವ್ಯಾನ್ ಜೇಕಬ್‌ಸನ್ನರ ಹೆಸರು ಇನ್ನೂ ಹಳೆಯದೊಂದು ಘಟನೆಯೊಡನೆ ಬೆಸೆದುಕೊಂಡಿದೆ. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಲಾರೆನ್ಸ್ ಪ್ರಯೋಗಾಲಯಕ್ಕೂ ಅಲ್ಲಿನ ವಿಶ್ವವಿದ್ಯಾಲಯಕ್ಕೂ ನಡುವೆ ಇದ್ದ ಸಂಪರ್ಕ ಹಠಾತ್ತನೆ ಕುಸಿಯಿತು. ಎರಡಕ್ಕೂ ನಡುವೆ ಇದ್ದ ದೂರ 400 ಗಜ. ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ದಾರಿಯಲ್ಲಿ 40 ಬಿಟ್ ಮಾತ್ರ ಸಾಗತೊಡಗಿತು. ತಂತಿ ತುಂಡಾಗಿರಲಿಲ್ಲ. ಕಳೆದುಹೋದ ಪೊಟ್ಟಣಗಳನ್ನು ಎಲ್ಲರೂ ಮತ್ತೆ ಮತ್ತೆ ಕಳುಹಿಸುತ್ತಿದ್ದರು. ಹಾಗೆ ಕಳುಹಿಸಿದ್ದೇ ದಟ್ಟಣೆಯನ್ನು ಹೆಚ್ಚಿಸಿ, ಇನ್ನಷ್ಟು ಪೊಟ್ಟಣಗಳು ಕಳೆದುಹೋಗುವಂತೆ ಮಾಡುತ್ತಿತ್ತು. ಜಾತ್ರೆಯ ಕಿರಿದಾದ ಬಾಗಿಲಲ್ಲಿ ಎಲ್ಲರೂ ಒಮ್ಮೆಗೇ ನುಗ್ಗಿದಾಗ ಒಬ್ಬರೂ ಒಳಗೆ ಹೋಗಲಾಗದಂತಾಗುವುದಿಲ್ಲವೆ, ಅದೇ ಸ್ಥಿತಿ.

ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರವು ಕಳುಹಿಸುವವರಿಗೆ ಸಂಯಮವನ್ನು ಕಲಿಸುವಂತಹುದು. ಪೊಟ್ಟಣ ತಲುಪುತ್ತಿರುವವರೆಗೆ ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋಗಬೇಕು. ಒಂದು ಕಳೆದುಹೋಯಿತೆಂದು ತಿಳಿದೊಡನೆ ವೇಗವನ್ನು ಅರ್ಧಕ್ಕೆ ಇಳಿಸಬೇಕು. ಎಲ್ಲರೂ ಈ ನಿಯಮವನ್ನು ಪಾಲಿಸಿದರೆ, ಒಬ್ಬರೊಡನೊಬ್ಬರು ಮಾತನಾಡದೆಯೇ ಸಮಪಾಲಿನ ಕಡೆಗೆ ಸರಿಯುತ್ತಾರೆಂಬುದನ್ನು ಡಾ-ಮಿಂಗ್ ಚಿಯು ಮತ್ತು ರಾಜ್ ಜೈನ್ 1989ರಲ್ಲಿ ಗಣಿತದಿಂದ ತೋರಿಸಿದರು. ಅಂತರ್ಜಾಲವು ಅಂದಿನಿಂದ ನಿಂತಿರುವುದು ಬಹುಮಟ್ಟಿಗೆ ಈ ಪರಸ್ಪರ ಸೌಜನ್ಯದ ಮೇಲೆ.

ಆದರೆ ಸೌಜನ್ಯಕ್ಕೆ ಕಾವಲಿಲ್ಲದಿದ್ದರೆ ಏನಾಗುತ್ತದೆ? ಇದೇ ನಿಜವಾದ ಪ್ರಶ್ನೆ. ರೌಟರ್ ಒಂದೇ ಸಾಲನ್ನಿಟ್ಟುಕೊಂಡು, ಬಂದವರನ್ನು ಬಂದ ಕ್ರಮದಲ್ಲಿಯೇ ಕಳುಹಿಸುತ್ತದೆಯೆನ್ನಿ. ಮೇಲುನೋಟಕ್ಕೆ ಇದಕ್ಕಿಂತ ನ್ಯಾಯವಿಲ್ಲ. ಆದರೆ ಆ ಸಾಲಿನಲ್ಲಿ ಒಬ್ಬನು ಒಂದು ಪೊಟ್ಟಣವನ್ನಿಟ್ಟರೆ ಇನ್ನೊಬ್ಬನು ನೂರನ್ನಿಡುತ್ತಾನೆ. ನೂರನ್ನಿಟ್ಟವನಿಗೆ ನೂರು ಪಾಲು. ದಟ್ಟಣೆಯಾದಾಗ ಸಂಯಮಿಯು ವೇಗವನ್ನು ಅರ್ಧಕ್ಕಿಳಿಸುತ್ತಾನೆ. ಇಳಿಸದವನು ಆ ತೆರವನ್ನೂ ತಾನೇ ತುಂಬುತ್ತಾನೆ. ಹೀಗೆ ಒಳ್ಳೆಯತನಕ್ಕೆ ಸಿಗುವುದು ದಂಡ, ದುರಾಶೆಗೆ ಸಿಗುವುದು ಬಹುಮಾನ.

ಇಂಡಿಯ ರೈತನಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರದಿಂದ ಎಡದಂಡೆಯ ಕಾಲುವೆ ಹೊರಡುತ್ತದೆ. ಅದರಿಂದ ಕವಲೊಡೆದ ಇಂಡಿ ಶಾಖಾ ಕಾಲುವೆ ಸುಮಾರು 170 ಕಿಲೋಮೀಟರ್ ಉದ್ದ. ಕಾಲುವೆಯ ಮೊದಲ ಭಾಗದ ಹೊಲಗಳು ತೃಪ್ತಿಯಾಗಿ ಕುಡಿದು, ಕೊನೆಯಂಚಿನ ಹೊಲಗಳಿಗೆ ನೀರೇ ತಲುಪದು ಎಂಬ ದೂರು ಆ ಭಾಗದಲ್ಲಿ ಹಳೆಯದು. ಮೇಲಿನವರು ಕೆಟ್ಟವರೆಂದಲ್ಲ. ತೂಬನ್ನು ಎಷ್ಟು ಹೊತ್ತು ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬ ಕಟ್ಟು ಇಲ್ಲದಿದ್ದಾಗ, ಕೈಗೆ ಮೊದಲು ಸಿಕ್ಕಿದವನು ಹೆಚ್ಚು ಪಡೆಯುವುದು ಸಹಜ. ಅದಕ್ಕಾಗಿಯೇ ಕಾಲುವೆಯ ನಾಡಿನಲ್ಲಿ ವಾರಾಬಂದಿ ಎಂಬ ಪದ್ಧತಿ ಬಂದಿತು: ಇಷ್ಟು ದಿನ ನೀರು ಬಿಡು, ಇಷ್ಟು ದಿನ ನಿಲ್ಲಿಸು, ಒಬ್ಬೊಬ್ಬರಿಗೂ ಒಂದೊಂದು ಪಾಳಿ. ಕಳೆದ 40 ವರ್ಷಗಳಲ್ಲಿ ರೌಟರುಗಳ ಶಾಸ್ತ್ರ ಕಲಿತದ್ದೂ ಈ ಪಾಳಿಯ ವಿದ್ಯೆಯನ್ನೇ.

ಪಾಳಿಯ ಲೆಕ್ಕ

ಎಲ್ಲರಿಗೂ ಒಂದೇ ಸಾಲು ಬೇಡ. ಒಬ್ಬೊಬ್ಬರಿಗೆ ಒಂದೊಂದು ಸಾಲಿರಲಿ, ರೌಟರ್ ಪ್ರತಿ ಸಾಲಿನಿಂದಲೂ ಒಂದೊಂದು ಪೊಟ್ಟಣವನ್ನು ಪಾಳಿಯಂತೆ ತೆಗೆದು ಕಳುಹಿಸಲಿ ಎಂದು ಜಾನ್ ನೇಗಲ್ 1985ರಲ್ಲಿ ಸೂಚಿಸಿದರು. ಈಗ ನೂರು ಪೊಟ್ಟಣಗಳನ್ನು ಒಮ್ಮೆಗೇ ತಂದವನು ತನ್ನ ಸಾಲನ್ನೇ ಉದ್ದ ಮಾಡಿಕೊಳ್ಳುತ್ತಾನೆಯೇ ಹೊರತು ಪಕ್ಕದವನ ಪಾಳಿಯನ್ನು ಕಸಿಯಲಾರನು.

ಈ ಉಪಾಯದಲ್ಲಿಯೂ ಒಂದು ಬಿರುಕಿತ್ತು. ಪೊಟ್ಟಣಗಳೆಲ್ಲ ಒಂದೇ ಗಾತ್ರದವಲ್ಲ. ಒಬ್ಬನದು 1500 ಬೈಟು, ಇನ್ನೊಬ್ಬನದು 100 ಬೈಟು. ಪಾಳಿಗೊಂದರಂತೆ ತೆಗೆದರೆ ಮೊದಲನೆಯವನಿಗೆ ಹದಿನೈದು ಪಟ್ಟು ಹೆಚ್ಚು. ಇದನ್ನು ತಿದ್ದಲು ಅಲನ್ ಡೆಮರ್ಸ್, ಶ್ರೀನಿವಾಸನ್ ಕೇಶವ್, ಸ್ಕಾಟ್ ಶೆಂಕರ್ ಎಂಬ ಮೂವರು 1989ರಲ್ಲಿ ಒಂದು ಸೂಕ್ಷ್ಮವಾದ ಗಣನೆಯನ್ನು ಮುಂದಿಟ್ಟರು. ಆ ಗಣನೆ ನ್ಯಾಯವಾದುದೇ. ಆದರೆ ವೇಗದ ಯಂತ್ರಕ್ಕೆ ಭಾರವಾಗುವಂತಹುದು. 1995ರಲ್ಲಿ ಎಂ. ಶ್ರೀಧರ್ ಮತ್ತು ಜಾರ್ಜ್ ವರ್ಗೀಸ್ ಅದಕ್ಕಿಂತ ಹಗುರವಾದ ದಾರಿಯನ್ನು ತೋರಿಸಿದರು. ಕಿರಾಣಿ ಅಂಗಡಿಯ ಖಾತೆಯನ್ನು ಬಲ್ಲವರಿಗೆಲ್ಲ ಅದು ಸುಲಭವಾಗಿ ಅರ್ಥವಾಗುತ್ತದೆ. ಪಾಳಿ ಬಂದಾಗಲೆಲ್ಲ ಪ್ರತಿ ಸಾಲಿನ ಖಾತೆಗೂ 500 ಬೈಟುಗಳನ್ನು ಜಮೆ ಮಾಡುತ್ತಾರೆನ್ನಿ. 100 ಬೈಟಿನ ಪೊಟ್ಟಣಗಳುಳ್ಳವನು ಒಂದೇ ಪಾಳಿಯಲ್ಲಿ ಐದನ್ನು ಕಳುಹಿಸಬಹುದು. 1500 ಬೈಟಿನವನು ಮೊದಲ ಪಾಳಿಯಲ್ಲಿಯೂ ಎರಡನೆಯದರಲ್ಲಿಯೂ ಸುಮ್ಮನಿದ್ದು, ಜಮೆಯನ್ನು ಕೂಡಿಸಿಕೊಂಡು, ಮೂರನೆಯದರಲ್ಲಿ ಒಂದನ್ನು ಕಳುಹಿಸುತ್ತಾನೆ. ಮೂರು ಪಾಳಿಗಳು ಮುಗಿದಾಗ ಇಬ್ಬರದೂ 1500 ಬೈಟು, ಲೆಕ್ಕ ಚುಕ್ತಾ. ಇನ್ನೂ ಒಂದು ನಿಯಮವುಂಟು: ಸಾಲು ಖಾಲಿಯಾದವನ ಖಾತೆಯಲ್ಲಿ ಉಳಿದ ಜಮೆ ರದ್ದಾಗುತ್ತದೆ. ಬೇಡವಾದಾಗ ಕೂಡಿಟ್ಟುಕೊಂಡು, ಮುಂದೆ ಎಲ್ಲರನ್ನೂ ನಿಲ್ಲಿಸಿ ಒಮ್ಮೆಗೇ ವಸೂಲು ಮಾಡುವ ಹಕ್ಕು ಯಾರಿಗೂ ಇಲ್ಲ.

ಪಾಳಿಯೆಂದರೆ ಸಮಪಾಲೆಂದು ತಿಳಿಯಬಾರದು. ಸೆಕೆಂಡಿಗೆ 10 ಮೆಗಾಬಿಟ್ ಇರುವಲ್ಲಿ ನಾಲ್ವರು ಬಂದರು. ಒಬ್ಬರಿಗೆ ಬೇಕಾದುದು 1, ಇನ್ನೊಬ್ಬರಿಗೆ 2, ಉಳಿದಿಬ್ಬರಿಗೆ ಎಂಟೆಂಟು. ಕಣ್ಣು ಮುಚ್ಚಿ ನಾಲ್ಕು ಪಾಲು ಮಾಡಿದರೆ ತಲೆಗೆ ಎರಡೂವರೆ. ಮೊದಲಿನವರಿಬ್ಬರಲ್ಲಿ ಮಿಕ್ಕುದು ಯಾರಿಗೂ ಇಲ್ಲದೆ ಹಾಳಾಗುತ್ತದೆ. ಪಾಳಿಯ ಪದ್ಧತಿಯಲ್ಲಿ ಕಡಮೆ ಬೇಕಾದವರಿಗೆ ಅವರು ಕೇಳಿದ 1 ಮತ್ತು 2 ಪೂರ್ತಿಯಾಗಿ ದೊರೆಯುತ್ತವೆ. ಉಳಿದ 7ನ್ನು ಹೆಚ್ಚು ಬೇಕಾದವರಿಬ್ಬರೂ ಮೂರೂವರೆಯಂತೆ ಹಂಚಿಕೊಳ್ಳುತ್ತಾರೆ. ಕಡಮೆ ಕೇಳಿದವನಿಗೆ ಕೊರತೆಯಿಲ್ಲ, ಹೆಚ್ಚು ಕೇಳಿದವನಿಗೆ ಏಕಸ್ವಾಮ್ಯವಿಲ್ಲ, ಒಂದು ತೊಟ್ಟೂ ಪೋಲಾಗುವುದಿಲ್ಲ. ಅವಿಭಕ್ತ ಕುಟುಂಬದ ಪಂಕ್ತಿಯಲ್ಲಿ ಬಡಿಸುತ್ತಿದ್ದ ಹಿರಿಯಳ ಕೈ ಬಹುಶಃ ಈ ಗಣಿತವನ್ನೇ ಬಲ್ಲುದಾಗಿತ್ತು.

ಆದರೆ ಜಾಣರು ಎಲ್ಲಿಯೂ ಇರುತ್ತಾರೆ. ಪಾಳಿ ಸಾಲಿಗೊಂದು ಎಂದಾದರೆ, ಒಬ್ಬನೇ ಹತ್ತು ಸಾಲುಗಳನ್ನು ತೆರೆದು ಹತ್ತು ಪಾಲುಗಳನ್ನು ಪಡೆಯಬಹುದು. ದೊಡ್ಡ ಕಡತಗಳನ್ನು ಇಳಿಸಿಕೊಳ್ಳುವ ಕೆಲವು ತಂತ್ರಾಂಶಗಳು ಮಾಡುವುದು ಇದನ್ನೇ. ಒಂದೇ ಮನೆಯವರು ಬಾವಿಕಟ್ಟೆಯ ಮೇಲೆ ಹತ್ತು ಕೊಡಗಳನ್ನು ಸಾಲಾಗಿಟ್ಟಂತೆ. ಅಂತಹ ಕಡೆ ಕೊಡಗಳನ್ನು ಎಣಿಸದೆ ಮನೆಗಳನ್ನು ಎಣಿಸಬೇಕು. ಯಾರನ್ನು ‘ಒಬ್ಬ’ನೆಂದು ಎಣಿಸಬೇಕು ಎಂಬುದು ಯಂತ್ರ ತೀರ್ಮಾನಿಸುವ ಮಾತಲ್ಲ, ಯಂತ್ರವನ್ನು ನಿಲ್ಲಿಸುವ ಮನುಷ್ಯರೇ ಹೇಳಬೇಕಾದುದು.

ಗುಂಡಿಲ್ಲದೆ ಗಾಡಿಯಿಲ್ಲ

ಹಂಚುವುದು ಒಂದಾದರೆ ಕಾಯುವುದು ಇನ್ನೊಂದು. ಇಂತಿಷ್ಟು ವೇಗಕ್ಕೆಂದು ಹಣ ಕಟ್ಟಿದ ಗ್ರಾಹಕನು ಅದನ್ನು ಮೀರದಂತೆ ಬಾಗಿಲಲ್ಲಿಯೇ ನೋಡಿಕೊಳ್ಳಬೇಕಷ್ಟೆ. ಇದಕ್ಕೆ ಬಳಸುವ ಉಪಾಯದ ಹೆಸರಿನಲ್ಲಿ ಹಳೆಯ ರೈಲಿನ ಪದವೊಂದು ಕೇಳಿಬರುತ್ತದೆ: ಟೋಕನ್.

ಒಂಟಿ ಹಳಿಯ ಮಾರ್ಗಗಳಲ್ಲಿ ಸ್ಟೇಷನ್ ಮಾಸ್ತರರ ಯಂತ್ರದಿಂದ ಹೊರಬರುವ ಲೋಹದ ಗುಂಡೊಂದನ್ನು ಚೀಲದಲ್ಲಿಟ್ಟು, ದೊಡ್ಡ ಬಳೆಗೆ ಕಟ್ಟಿ ಚಾಲಕನ ಕೈಗೆ ಕೊಡುತ್ತಿದ್ದರು. ಆ ಗುಂಡು ಕೈಗೆ ಬಾರದೆ ಗಾಡಿ ಮುಂದಿನ ನಿಲ್ದಾಣದ ಕಡೆಗೆ ಹೊರಡುವಂತಿಲ್ಲ. ರೈಲಿನಲ್ಲಿ ಇದು ಅಪಘಾತವನ್ನು ತಪ್ಪಿಸಲು. ರೌಟರಿನಲ್ಲಿ ಅಳತೆಯನ್ನು ಕಾಯಲು. ಪ್ರತಿ ಗ್ರಾಹಕನ ಹೆಸರಿನಲ್ಲಿಯೂ ರೌಟರ್ ಒಂದು ಕೊಡವನ್ನು ಇಟ್ಟಿರುತ್ತದೆನ್ನಿ. ಅದರೊಳಗೆ ನಿಯತವಾದ ವೇಗದಲ್ಲಿ ಟೋಕನ್ನುಗಳು ಬೀಳುತ್ತಿರುತ್ತವೆ; ಕೊಡ ತುಂಬಿದ ಮೇಲೆ ಬಿದ್ದವು ಹೊರಚೆಲ್ಲುತ್ತವೆ. ಪೊಟ್ಟಣ ಹೊರಡಬೇಕಾದರೆ ತನ್ನ ತೂಕಕ್ಕೆ ತಕ್ಕಷ್ಟು ಟೋಕನ್ನುಗಳನ್ನು ತೆತ್ತೇ ಹೊರಡಬೇಕು.

ಈ ಕೊಡದ ಸೊಗಸಿರುವುದು ಅದರ ಉದಾರತೆಯಲ್ಲಿ. ಸೆಕೆಂಡಿಗೆ 5 ಮೆಗಾಬಿಟ್ ವೇಗವನ್ನು ಪಡೆದವನ ಕೊಡದಲ್ಲಿ 10 ಮೆಗಾಬಿಟ್ ಹಿಡಿಯುವಷ್ಟು ಎಡೆಯಿದೆಯೆನ್ನೋಣ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಕೊಡ ತುಂಬುತ್ತದೆ. ಆಮೇಲೆ ಪುಟವೊಂದನ್ನು ತೆರೆದಾಗ ಸೆಕೆಂಡಿಗೆ 25 ಮೆಗಾಬಿಟ್ ವೇಗದಲ್ಲಿಯೂ ಅರ್ಧ ಸೆಕೆಂಡು ಓಡಬಹುದು. ಅಷ್ಟರಲ್ಲಿ ಕೊಡ ಬರಿದಾಗಿ, ಮತ್ತೆ ತನ್ನ ಐದಕ್ಕೇ ಇಳಿಯಬೇಕು. ಕೊಡದ ಗಾತ್ರ ಹಬ್ಬದ ಖರ್ಚಿಗೆ, ಟೋಕನ್ ಬೀಳುವ ವೇಗ ತಿಂಗಳ ಸಂಬಳಕ್ಕೆ ಸಮಾನ. ಟೋಕನ್ ಇಲ್ಲದೆ ಬಂದ ಪೊಟ್ಟಣವನ್ನು ಎರಡು ಬಗೆಯಲ್ಲಿ ನಡೆಸಿಕೊಳ್ಳಬಹುದು: ಒಡನೆಯೇ ಬಿಸುಡುವುದು ಪೊಲೀಸರ ರೀತಿ, ಟೋಕನ್ ಬೀಳುವವರೆಗೆ ಪಕ್ಕದಲ್ಲಿ ಕೂರಿಸುವುದು ಮೇಷ್ಟರ ರೀತಿ. ರೌಟರುಗಳಲ್ಲಿ ಎರಡೂ ಬಳಕೆಯಲ್ಲಿವೆ.

ಮೊದಲು ದಾರಿ ಯಾರಿಗೆ?

ನ್ಯಾಯದ ಕಠಿಣವಾದ ಪ್ರಶ್ನೆ ಇನ್ನೂ ಉಳಿದಿದೆ. 2024ರ ಏಪ್ರಿಲಿನಲ್ಲಿ ಲಚ್ಯಾಣದ ಹೆಸರು ದೇಶದಲ್ಲೆಲ್ಲ ಕೇಳಿಬಂದಿತು. ಮಗುವೊಂದು ಅಲ್ಲಿ ಕೊಳವೆ ಬಾವಿಗೆ ಬಿದ್ದಿತ್ತು. ರಕ್ಷಣಾ ಪಡೆಯವರು ಕೊಳವೆಯೊಳಗೆ ಕ್ಯಾಮೆರಾವನ್ನು ಇಳಿಸಿ ಮಗುವಿನ ಚಲನೆಯನ್ನು ಗಮನಿಸುತ್ತ, ಆಮ್ಲಜನಕವನ್ನು ಒದಗಿಸುತ್ತ, ಪಕ್ಕದಲ್ಲಿ ನೆಲವನ್ನು ತೋಡಿ ಸುಮಾರು 20 ಗಂಟೆಗಳ ಬಳಿಕ ಮಗುವನ್ನು ಜೀವಂತವಾಗಿ ಹೊರತಂದರು. ನಾಡಿಗೆ ನಾಡೇ ನಿಟ್ಟುಸಿರುಬಿಟ್ಟಿತು.

ಇಂತಹ ಗಳಿಗೆಯಲ್ಲಿ ಒಂದು ಚಿಕ್ಕ ಊರಿಗೆ ಅಧಿಕಾರಿಗಳು, ವೈದ್ಯರು, ಸುದ್ದಿಗಾರರು, ಕಾತರದಿಂದ ಬಂದ ಸಾವಿರಾರು ಜನರು ನೆರೆಯುವುದು ಸ್ವಾಭಾವಿಕ. ಎಲ್ಲರ ಕೈಯಲ್ಲಿಯೂ ಮೊಬೈಲು. ಅಂಬುಲೆನ್ಸ್ ಬಂದರೆ ಜನ ತಾವಾಗಿಯೇ ದಾರಿ ಬಿಡುತ್ತಾರೆ. ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ. ರೌಟರಿಗೆ ಆ ಕಣ್ಣಿಲ್ಲ. ದೂರದ ಆಸ್ಪತ್ರೆಯ ವೈದ್ಯರ ಸಲಹೆಯನ್ನು ಹೊತ್ತ ಪೊಟ್ಟಣವೂ, ಹೊತ್ತು ಕಳೆಯಲು ನೋಡುವ ಹಾಸ್ಯದ ಚಿತ್ರದ ಪೊಟ್ಟಣವೂ ಅದಕ್ಕೆ ಒಂದೇ. ಪಾಳಿಯ ನ್ಯಾಯ ಇಬ್ಬರಿಗೂ ಸಮವಾಗಿ ಕೊಡುತ್ತದೆ. ಸಮವಾಗಿ ಕೊಟ್ಟದ್ದೇ ಆಗ ಅನ್ಯಾಯವಾಗಬಹುದು.

ಆದುದರಿಂದಲೇ ಪೊಟ್ಟಣದ ಮೇಲೆ ಮುದ್ರೆಯೊತ್ತುವ ಪದ್ಧತಿಯೊಂದನ್ನು 1998ರಲ್ಲಿ ಗೊತ್ತುಮಾಡಿದರು. ಪೊಟ್ಟಣದ ತಲೆಬರಹದಲ್ಲಿ ಆರು ಬಿಟ್‌ಗಳ ಸ್ಥಳವನ್ನು ಇದಕ್ಕೆ ಮೀಸಲಾಗಿಟ್ಟಿದ್ದಾರೆ. 64 ಬಗೆಯ ಮುದ್ರೆಗಳಿಗೆ ಅಲ್ಲಿ ಎಡೆಯುಂಟು. ತುರ್ತಿನ ಮುದ್ರೆಯಿರುವ ಪೊಟ್ಟಣವನ್ನು ಮೇಲ್ ಗಾಡಿಯಂತೆ ಮುಂದೆ ಬಿಡುತ್ತಾರೆ; ಉಳಿದವು ಪಕ್ಕದ ಹಳಿಯಲ್ಲಿ ಕಾಯುತ್ತವೆ. ಆದರೆ ಮುದ್ರೆ ಪುಕ್ಕಟೆಯಾದರೆ ಯಾರು ತಾನೇ ಒತ್ತಿಕೊಳ್ಳುವುದಿಲ್ಲ? ಎಲ್ಲ ಗಾಡಿಗಳೂ ಮೇಲ್ ಗಾಡಿಗಳಾದರೆ ಮೇಲ್ ಗಾಡಿಯೇ ಇಲ್ಲದಂತಾಯಿತು. ಅದಕ್ಕಾಗಿ ಗಡಿಯ ರೌಟರ್ ಬರುವ ಮುದ್ರೆಗಳನ್ನು ಪರೀಕ್ಷಿಸುತ್ತದೆ, ಹಕ್ಕಿಲ್ಲದವರದನ್ನು ಅಳಿಸುತ್ತದೆ, ಹಕ್ಕಿರುವವರಿಗೂ ಟೋಕನ್ನಿನ ಕೊಡದಿಂದ ಮಿತಿಯನ್ನು ಹಾಕುತ್ತದೆ. ಹೀಗೆ ಮಿತಿಯಿಲ್ಲದ ಆದ್ಯತೆ ಉಳಿದವರನ್ನು ಉಪವಾಸ ಕೆಡವುತ್ತದೆ.

ಮುದ್ರೆಯ ಅಧಿಕಾರ ವ್ಯಾಪಾರದ ವಸ್ತುವಾದರೆ ಏನು ಗತಿ? ಹೆಚ್ಚು ಹಣ ಕೊಟ್ಟ ಕಂಪನಿಯ ಚಿತ್ರಗಳಿಗೆ ರಾಜಮಾರ್ಗ, ಚಿಕ್ಕವರ ಪಾಠಕ್ಕೆ ಕಾಲುದಾರಿ ಎಂದಾಗಬಾರದಲ್ಲವೆ? ಸಂಚಾರದ ಒಳಗಿನ ವಿಷಯವನ್ನು ನೋಡಿ ತಾರತಮ್ಯ ಮಾಡಕೂಡದೆಂಬ ನಿಯಮವನ್ನು ಭಾರತ ಸರ್ಕಾರ 2018ರಲ್ಲಿ ಒಪ್ಪಿಕೊಂಡಿತು. ತುರ್ತು ಸೇವೆಗಳಿಗೂ ದಟ್ಟಣೆಯ ಸಮಂಜಸವಾದ ನಿರ್ವಹಣೆಗೂ ಅದರಲ್ಲಿ ಅವಕಾಶವಿದೆ. ಅಂಬುಲೆನ್ಸಿಗೆ ದಾರಿ ಬಿಡುವುದು ಬೇರೆ, ಸಿರಿವಂತನ ಮೋಟಾರಿಗೆ ದಾರಿ ಮಾರುವುದು ಬೇರೆ.

ಒಪ್ಪಿಕೊಳ್ಳಲಾಗದೆಂಬ ಮಾತು

ಇಷ್ಟೆಲ್ಲ ಆದ ಮೇಲೆಯೂ ಪಾಲುದಾರರು ಮಿತಿಮೀರಿದರೆ ಸಮಪಾಲೂ ಪ್ರಯೋಜನಕ್ಕೆ ಬಾರದು. ಸೆಕೆಂಡಿಗೆ 10 ಮೆಗಾಬಿಟ್ ಇರುವ ಕೊಂಡಿಯನ್ನು ಹತ್ತು ಸಾವಿರ ಹರಿವುಗಳಿಗೆ ಹಂಚಿದರೆ ಒಂದೊಂದಕ್ಕೆ ಬರುವುದು ಒಂದು ಕಿಲೋಬಿಟ್. ಒಂದು ಪುಟವೂ ಪೂರ್ತಿಯಾಗಿ ತೆರೆಯುವುದಿಲ್ಲ. ಜನ ಬೇಸತ್ತು ನಡುವೆಯೇ ಬಿಟ್ಟುಬಿಡುತ್ತಾರೆ; ಅಲ್ಲಿಯವರೆಗೆ ಸಾಗಿಸಿದ್ದೆಲ್ಲ ವ್ಯರ್ಥ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಗ್ ಕುಮಾರ್, ಮಾಲತಿ ಹೆಗಡೆ ಮತ್ತು ಸಂಗಡಿಗರು ಅಂತರ್ಜಾಲಕ್ಕೆ ಸೇರಿಸುವ ಕೊಂಡಿಯ ಈ ಸಮಸ್ಯೆಯನ್ನು ಕುರಿತು 2000ದಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಕೊಂಡಿಯು ತುಂಬಿದಾಗ ಹೊಸ ಸಂಪರ್ಕಗಳನ್ನು ಸದ್ಯಕ್ಕೆ ಒಪ್ಪಿಕೊಳ್ಳದೆ, ಒಳಗಿರುವವರ ಕೆಲಸವನ್ನು ಮುಗಿಸಿಕೊಡುವ ಮಾರ್ಗ ಅದರಲ್ಲಿದೆ. “ಈಗ ಜಾಗವಿಲ್ಲ, ಸ್ವಲ್ಪ ತಾಳಿ” ಎನ್ನುವುದು ಕಠೋರವೆನಿಸಬಹುದು. ಎಲ್ಲರನ್ನೂ ಒಳಗೆ ಸೇರಿಸಿಕೊಂಡು ಒಬ್ಬರಿಗೂ ಊಟ ಬಡಿಸದ ಆತಿಥ್ಯಕ್ಕಿಂತ ಅದು ಮೇಲು.

ಮನೆಯವರು ಮಾಡಬಹುದಾದ ಕೆಲಸವೂ ಒಂದಿದೆ. ಈಚಿನ ಹಲವು ಮನೆಯ ರೌಟರುಗಳಲ್ಲಿ ‘ಕ್ಯೂಒಎಸ್’ ಎಂಬ ಏರ್ಪಾಡಿರುತ್ತದೆ. ಅದನ್ನು ತೆರೆದು, ವೇಗದ ಮಿತಿಯನ್ನು ಕಂಪನಿ ಕೊಡುವ ವೇಗಕ್ಕಿಂತ ಹತ್ತರಲ್ಲಿ ಒಂದು ಪಾಲಿನಷ್ಟು ಕಡಮೆಯಾಗಿ ನಿಲ್ಲಿಸಬೇಕು. ಆಗ ಸಾಲು ಹೊರಗಿನ ಯಾವುದೋ ತಂಗುದಾಣದಲ್ಲಿ ಬೆಳೆಯದೆ, ಬಹುಮಟ್ಟಿಗೆ ಮನೆಯ ರೌಟರಿನ ಹತೋಟಿಯಲ್ಲಿಯೇ ಇರುತ್ತದೆ. ಅದು ಪಾಳಿಯನ್ನು ನಡೆಸಬಲ್ಲುದು. ವೇಗದ ಒಂದು ಸಣ್ಣ ಪಾಲನ್ನು ಬಿಟ್ಟುಕೊಟ್ಟರೆ ಅಜ್ಜಿಯ ಮಾತು ತುಂಡಾಗದೆ ತಲುಪುತ್ತದೆ.

ನಾರಾಯಣಪುರ ಎಡದಂಡೆ ಕಾಲುವೆಯನ್ನು ನವೀಕರಿಸಿ, 10,000 ಕ್ಯೂಸೆಕ್ ನೀರು ಹರಿಯುವ ಸಾಮರ್ಥ್ಯವುಳ್ಳದ್ದನ್ನಾಗಿ ಮಾಡಿ, 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಲೋಕಾರ್ಪಣೆ ಮಾಡಲಾಯಿತು. ಅದರ ಗೇಟುಗಳನ್ನು ದೂರದಿಂದಲೇ ಅಳೆದು ನಡೆಸಲು ಗಣಕ ವ್ಯವಸ್ಥೆಯನ್ನೂ ಅಳವಡಿಸಿದ್ದಾರೆ. ಗೇಟನ್ನು ಎತ್ತು, ಇಳಿಸು ಎಂಬ ಆಜ್ಞೆ ಈಗ ಸಂದೇಶವಾಗಿ ಹೋಗುತ್ತದೆ. ನೀರಿನ ಪಾಳಿಗೂ ಸಂದೇಶದ ಪಾಳಿಗೂ ಹೀಗೆ ನಂಟು ಬೆಳೆದಿದೆ. ಕಾಲುವೆ ಎಷ್ಟೇ ಅಗಲವಾಗಲಿ, ತಂತಿ ಎಷ್ಟೇ ದಪ್ಪವಾಗಲಿ, ಕೇಳುವವರು ಅದಕ್ಕಿಂತ ಬೇಗ ಬೆಳೆಯುತ್ತಾರೆ. ವ್ಯವಸ್ಥೆಯ ಯೋಗ್ಯತೆಯನ್ನು ಅಳೆಯಬೇಕಾದರೆ ಮೊದಲ ಹೊಲಕ್ಕೆ ಎಷ್ಟು ನೀರು ಬಂದಿತೆಂದು ಕೇಳಿ ಫಲವಿಲ್ಲ. ಕೊನೆಯ ಹೊಲದ ಮಣ್ಣನ್ನು ಮುಟ್ಟಿ ನೋಡಬೇಕು.